ಶನಿವಾರದ ಎಕ್ಸ್‌ಟ್ರಾ ಕ್ಲಾಸು

ಪಾಠ ಹೇಳುವವರಿಗೆಲ್ಲ ಒಂದು ಭ್ರಮೆ ಇರುತ್ತದೆ, ತಮ್ಮಿಂದ ಮಕ್ಕಳಿಗೆ ಉಪಕಾರವಾಗುತ್ತಿದೆ ಎಂದು. ಮಂಡ್ಯದ ಕಾಲೇಜೊಂದರಲ್ಲಿ ಬಿ.ಕಾಂ. ಹುಡುಗರಿಗೆ ಅಕೌಂಟೆನ್ಸಿ ಹೇಳುವ ನನಗೆ ಅದು ಕೊಂಚ ಜಾಸ್ತಿಯೇ ಇತ್ತು. ಹೋದ ವರ್ಷ ಹೆಂಡತಿ ಬೀದರಿಗೆ ವರ್ಗವಾಗಿ ಮಗಳನ್ನೂ ಕರೆದುಕೊಂಡು ಹೊರಟುಹೋದಳು. ಅದರ ಬೆನ್ನಿಗೇ ನಾನು ಶನಿವಾರ ಮಧ್ಯಾಹ್ನ ಎಕ್ಸ್‌ಟ್ರಾ ಕ್ಲಾಸು ಶುರುಮಾಡಿದೆ. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ಮನೆಯ ಬೀಗ ತೆಗೆದರೆ ಬೆಳಿಗ್ಗೆ ಕುಡಿದಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರುತ್ತಿತ್ತು. ಎತ್ತಿಡಿ ಎಂದು ಬೈಯುವವರಿರಲಿಲ್ಲ. ಹಾಗೆ ಬೈಸಿಕೊಳ್ಳುವ ಕಾಲದಲ್ಲಿ, ತಪ್ಪಿಸಿಕೊಳ್ಳಲು ಕಾಲೇಜಿನಲ್ಲೇ ಕೂತಿರುತ್ತಿದ್ದವನೂ ನಾನೇ ಅನ್ನಿ.

ಒಂದು ದಿನ ಪ್ರಿನ್ಸಿಪಾಲರು, "ನಿಮ್ಮ ಎಕ್ಸ್‌ಟ್ರಾ ಕ್ಲಾಸಿನ ಬಗ್ಗೆ ಹುಡುಗರ ಅಭಿಪ್ರಾಯ ಏನು, ಸ್ವಲ್ಪ ಕೇಳಿ ನೋಡಿ" ಎಂದರು. ಹೊಗಳಿಸಿಕೊಳ್ಳಲು ಸಿದ್ಧನಾಗಿಯೇ ಹೋದೆ.

ಮೊದಲು ಎದ್ದವನು ಹನಕೆರೆಯ ಸ್ವಾಮಿ. "ಪಾಠ ಚೆಂದಾಗೈತೆ ಸಾ. ಆದ್ರೆ ಆ ವತ್ನಲ್ಲಿ ಒಟ್ಟೆ ಅಸ್ಕೊಂಡು ಡೆಬಿಟ್ಟೂ ಕಾಣಾಕಿಲ್ಲ, ಕ್ರೆಡಿಟ್ಟೂ ಕಾಣಾಕಿಲ್ಲ." ಮದ್ದೂರಿನ ಹುಡುಗಿಯೊಬ್ಬಳು, "ವಾರದಲ್ಲಿ ಯೋಳಿದ್ದನ್ನೇ ಸನಿವಾರನೂ ಯೋಳ್ತೀರ ಸಾ. ಆದ್ರೆ ನಿಧಾನವಾಗಿ ಯೋಳ್ತೀರ, ತಲೆಗೆ ಓಯ್ತದೆ" ಎಂದಳು. ನನಗೆ ಖುಷಿಯಾಯಿತು. "ಹಾಗಾದರೆ ಇನ್ನೂ ಅರ್ಥವಾಗದ್ದು ಏನಿದೆ, ಹೇಳಿ" ಎಂದೆ. ಕೊನೆಗೆ ಮಳವಳ್ಳಿಯ ಲಾವಣ್ಯ ಎದ್ದಳು.

"ಬೇಜಾರ್ ಮಾಡ್ಕೋಬ್ಯಾಡಿ ಸಾ. ಎಲ್ಲಾ ಅರ್ಥ ಆಗಿ ಎಷ್ಟೋ ದಿನ ಆಯ್ತು. ಮನೇಲಿ ನೀವೊಬ್ರೇ ಅಲ್ವಾ, ಪಾಪ ಅಂತ ಪಾಳಿ ಹಾಕ್ಕೊಂಡು ಬತ್ತೀವಿ."

"ಸುಮ್ಕಿರಮ್ಮಿ!" ಎಂದು ಸ್ವಾಮಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ನಗೋಣವೆಂದರೆ ಮುಖ ಒಪ್ಪಲಿಲ್ಲ. "ಇನ್ನು ಶನಿವಾರದ ಕ್ಲಾಸು ಇಲ್ಲ" ಎಂದು ಗಂಭೀರವಾಗಿ ಹೇಳಿದೆ. ಹೋ ಎಂದು ಕೂಗಿದರು. ಆಮೇಲೆ ನನ್ನ ಮುಖ ನೋಡಿ ಥಟ್ಟನೆ ನಿಲ್ಲಿಸಿದರು. ಕೂಗಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು ಚುಚ್ಚಿತು.

ಮುಂದಿನ ಶನಿವಾರ ಬೀದರಿಗೆ ಫೋನು ಮಾಡಿದೆ. "ಅಪ್ಪಾ, ಎಕ್ಸ್‌ಟ್ರಾ ಕ್ಲಾಸಿಗೆ ಹೊರಟಿದ್ದೀನಿ" ಎಂದು ಮಗಳು ಇಟ್ಟುಬಿಟ್ಟಳು. ಮನೆಯಲ್ಲಿ ಕೂರಲಾರದೆ ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದ ಲಾವಣ್ಯ ಕಂಡಳು.

"ಇಲ್ಲೇನ್ ಸಾ?"

"ಮೈಸೂರಿನಿಂದ ನೆಂಟರು ಬರ್ತಾರಮ್ಮ" ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಚೀಲದಿಂದ ಪುಸ್ತಕ ತೆಗೆದಳು. "ಈ ಸವಕಳಿ ಲೆಕ್ಕ ಒಂದ್ಕಿತ ಯೋಳ್ಕೊಡಿ ಸಾ." ಅವಳೇ ಬೋರ್ಡಿನ ಮೇಲೆ ಸರಿಯಾಗಿ ಬಿಡಿಸಿದ್ದ ಲೆಕ್ಕ ಅದು. ಗೊತ್ತಿದ್ದೂ ಹೇಳಿಕೊಟ್ಟೆ, ಬಲು ನಿಧಾನವಾಗಿ. ಅರ್ಧಕ್ಕೇ ಬಸ್ಸು ಬಂತು. "ನೆಂಟ್ರುನ್ನ ಕೇಳ್ದೆ ಅಂತ ಯೋಳಿ ಸಾ!" ಎಂದು ಕಿಟಕಿಯಿಂದ ಕೂಗಿ ಹೋದಳು.

ಅವಳು ತಿರುಗಿ ನೋಡಿದರೆ ಸುಳ್ಳಾಗಬಾರದೆಂದು, ಮೈಸೂರು ಬಸ್ಸಿನಿಂದ ಇಳಿಯುವವರನ್ನೆಲ್ಲ ಕತ್ತು ಚಾಚಿ ನೋಡುತ್ತ ನಿಂತೆ. ಒಬ್ಬ ಹಿರಿಯರು ಕೈ ಎತ್ತಿ ಬಾಯಿ ತುಂಬ ನಕ್ಕರು. ನಾನೂ ನಕ್ಕು ಎರಡು ಹೆಜ್ಜೆ ಮುಂದೆ ಹೋದೆ. ಅವರು ನಕ್ಕದ್ದು ನನ್ನ ಹಿಂದೆ ನಿಂತಿದ್ದವರಿಗೆ.