ಕಾಲು ಮಾಡುವವನ ಕಷ್ಟಸುಖ

ತರೀಕೆರೆಯಲ್ಲಿ ನಮ್ಮದೊಂದು ಮರಗೆಲಸದ ಶೆಡ್ಡಿದೆ. ಮಂಚ, ಬೀರು, ಹಜಾರದಲ್ಲಿ ಕೂರೋಕೆ ಹಾಕೋ ದಿವಾನ ಎಲ್ಲಾ ಮಾಡ್ತೀವಿ. ಆದರೂ ಜನ ನಮ್ಮನ್ನ ಹುಡುಕಿಕೊಂಡು ಬರೋದು ಅವುಗಳ ಕಾಲಿಗಾಗಿ. ಮೇಲಿಂದ ಸಣ್ಣಗೆ ಇಳಿದು, ನೆಲ ಮುಟ್ಟೋ ಹೊತ್ತಿಗೆ ಲಂಗದ ಅಂಚಿನ ಹಾಗೆ ಹೊರಕ್ಕೆ ಅರಳಿಕೊಳ್ಳೋ ಪಾದ. ಹಳೇ ಮನೆಗಳ ಸಾಮಾನಿಗೆ ಇರ್ತಿತ್ತು, ಈಗ ಮತ್ತೆ ಎಲ್ಲರಿಗೂ ಬೇಕಾಗಿದೆ. ಕೆತ್ತೋನು ನಾನು, ಪಾಲಿಶ್ ಹಾಕೋನು ನನ್ನ ಜೊತೆಗಾರ. ಊರೆಲ್ಲ ಅವನನ್ನ ಪಾಲಿಶ್ ಭಾಯಿ ಅಂತಲೇ ಕರೆಯುತ್ತೆ. ಕೆಲಸವೇನೋ ಅಚ್ಚುಕಟ್ಟು. ಆದರೆ ಈ ಕಾಲುಗಳು ಶೆಡ್ಡಿನ ಹೊಸಿಲು ದಾಟಿದವು ಅಂದರೆ ಏನಾದರೊಂದು ಎಡವಟ್ಟು ಆಗೇ ಆಗುತ್ತೆ.

ಚೀಲದಲ್ಲಿ ಕಾಲು

ಅಜ್ಜಂಪುರದ ಒಬ್ಬ ಅಮ್ಮನವರ ಮಂಚಕ್ಕೆ ಹೊಸ ಕಾಲು ಮಾಡಿ, ಗೋಣಿಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಎಲೆಅಡಿಕೆ ಹಾಕ್ತಾ ಕೂತಿದ್ದಳು. ದಾರೀಲಿ ಆ ಅಮ್ಮನವರ ಫೋನು ಬಂತು. ಬಸ್ಸಿನ ಸದ್ದಿಗೆ ಅವರಿಗೆ ಕೇಳಲ್ಲ ಅಂತ ನಾನು ದನಿ ಏರಿಸಿದೆ.

"ನಾಲ್ಕೂ ಕಾಲು ಚೀಲದಲ್ಲೇ ಇದಾವೆ ಕಣಮ್ಮ. ಕೊಯ್ಯುವಾಗ ಒಂದು ಪಾದದ ತುದಿ ಮುರೀತು, ಅಂಟು ಹಾಕಿದೀನಿ, ಗೊತ್ತೇ ಆಗಲ್ಲ."

ಫೋನು ಇಡೋ ಹೊತ್ತಿಗೆ ಬಸ್ಸಿನವರೆಲ್ಲ ನನ್ನ ಚೀಲವನ್ನೇ ನೋಡ್ತಿದ್ದರು. ಅಜ್ಜಿ ಎರಡೂ ಕಾಲನ್ನ ಮೆಲ್ಲಗೆ ಸೀಟಿನ ಮೇಲೆ ಎಳ್ಕೊಂಡಳು. ಕಂಡಕ್ಟರು ಬಂದು ಚೀಲ ಬಿಚ್ಚು ಅಂದ. ಬಿಚ್ಚಿದೆ, ಒಂದೊಂದೇ ಕಾಲು ಎತ್ತಿ ತೋರಿಸಿದೆ, ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿನೂ ನಕ್ಕಳು. ಆದರೆ ಅಜ್ಜಂಪುರ ಬರೋವರೆಗೂ ಕಾಲು ಮಾತ್ರ ಕೆಳಗಿಡಲಿಲ್ಲ.

ಒದೆಯೋ ಬೀರು

ಶಿವನಿಯ ಒಬ್ಬರು ನಿವೃತ್ತ ಮೇಷ್ಟ್ರಿಗೆ ಬೀರು ಮಾಡಿಕೊಟ್ಟಿದ್ದೆ. ವಾರ ಕಳೆಯೋದರೊಳಗೆ ಅವರ ಫೋನು: "ನಿನ್ನ ಬೀರು ಹೋಗ್ತಾ ಬರ್ತಾ ನನಗೆ ಒದೀತಾ ಇದೆ ಕಣಯ್ಯ."

ಹೋಗಿ ನೋಡಿದರೆ, ಬೀರಿನ ಅರಳಿದ ಪಾದಕ್ಕೆ ಎಡವಿ ಎಡವಿ ಮೇಷ್ಟ್ರ ಕಾಲಿನ ಕಿರುಬೆರಳು ಊದಿಕೊಂಡಿದೆ. ಬೀರಿನ ನಾಲ್ಕೂ ಪಾದಕ್ಕೆ ಮೊಮ್ಮಗನ ಕೆಂಪು ಸಾಕ್ಸು ಹಾಕಿ ದಾರ ಕಟ್ಟಿದ್ದಾರೆ. ಪಾದದ ಅಂಚು ಸ್ವಲ್ಪ ಕೀಸಿ ಕೊಡ್ತೀನಿ ಅಂದೆ. ಅವರ ಹೆಂಡತಿ ಸುತರಾಂ ಒಪ್ಪಲಿಲ್ಲ. ಇಷ್ಟು ವರ್ಷ ಪೇಪರ್ ಓದ್ತಾ ಓದ್ತಾ ಮನೆಯೆಲ್ಲ ಸುತ್ತುತ್ತಿದ್ದ ಯಜಮಾನರು ಈಗ ನೆಲ ನೋಡ್ಕೊಂಡು ನಡೀತಿದಾರೆ, ಅದು ಹಾಗೇ ಇರಲಿ ಅಂದರು.

ಆಮೇಲೆ ಅವರ ನೆಂಟರೊಬ್ಬರು ಅಂಥದ್ದೇ ಬೀರು ಬೇಕು ಅಂತ ಶೆಡ್ಡಿಗೆ ಬಂದರು. ಅಳತೆ, ಮರ, ಬೀಗ ಎಲ್ಲಾ ಹೇಳಿ ಮುಗಿಸಿ, ಹೊರಡುವಾಗ ತಿರುಗಿ ನಿಂತು, "ಸಾಕ್ಸು ಮಾತ್ರ ನೀಲಿ ಇರಲಿ" ಅಂದರು.

ಹೊಸ ಡಿಸೈನು

ಒಂದು ಮಧ್ಯಾಹ್ನ ಭಾಯಿ ದಿವಾನದ ಕಾಲುಗಳನ್ನ ಒಣಗೋಕೆ ಮೆಟ್ಟಿಲ ಮೇಲೆ ಜೋಡಿಸಿ ಚಹಾ ಕುಡಿಯೋಕೆ ಹೋಗಿದ್ದ. ಬೀದಿನಾಯಿಯೊಂದು ಅದರಲ್ಲಿ ಒಂದನ್ನ ಮೂಳೆ ಅಂತಲೇ ತಿಳಿದು ಕಚ್ಕೊಂಡು ಓಡ್ತು. ನಾವಿಬ್ಬರೂ ಬೀದಿಬೀದಿ ಅಟ್ಟಿಸಿಕೊಂಡು ಹೋಗಿ ಕಿತ್ಕೊಂಡು ಬಂದಾಗ ಪಾದದ ಸುತ್ತ ಹಲ್ಲಿನ ಗುರುತು. ಬೇರೆ ಮಾಡೋಣ ಅಂತ ಮೂಲೆಗಿಟ್ಟೆ.

ಅಷ್ಟರಲ್ಲಿ ದಿವಾನ ಮಾಡಿಸ್ತಿದ್ದ ಬುಕ್ಕಾಂಬುಧಿಯ ಗೌಡರೇ ಬಂದರು. ಮೂಲೆಯಲ್ಲಿದ್ದದ್ದೇ ಕಣ್ಣಿಗೆ ಬಿತ್ತು. ಕೈಗೆ ತಗೊಂಡು ಹಿಂದೆಮುಂದೆ ತಿರುಗಿಸಿ, ಬೆರಳಾಡಿಸಿ, "ಇದು ಕಣ್ರಪ್ಪ ಕೈಕೆಲಸ ಅಂದ್ರೆ. ಉಳಿದ ಮೂರಕ್ಕೂ ಇದೇ ಡಿಸೈನು ಹಾಕ್ಬಿಡಿ" ಅಂದರು.

ನಾನು ಉಳಿ ಹುಡುಕೋ ನೆಪದಲ್ಲಿ ಬಗ್ಗಿ ನಗು ಮುಚ್ಕೊಂಡೆ. ಭಾಯಿ ಮಾತ್ರ ಗಂಭೀರವಾಗಿ ತಲೆಯಾಡಿಸಿ, "ಕೆತ್ತಿದೋರು ಈಗ ಹೊರಗೆ ಹೋಗಿದಾರೆ ಗೌಡ್ರೇ, ಕರ್ಕೊಂಬತ್ತೀನಿ" ಅಂತ ಒಂದು ಬಿಸ್ಕತ್ ಪೊಟ್ಟಣ ತಗೊಂಡು ಬೀದಿಗಿಳಿದ.

ಕಡೂರಿನ ದಿವಾನ

ನನಗೆ ಹೆಣ್ಣು ನೋಡೋಕೆ ಅಮ್ಮನ ಜೊತೆ ಕಡೂರಿಗೆ ಹೋಗಿದ್ದೆ. ಅದಕ್ಕೆ ಮುಂಚೆ ಎಷ್ಟೋ ಸಂಬಂಧ ತಪ್ಪಿ ಅಮ್ಮ ಸೊರಗಿದ್ದಳು. ಬಾಯಿ ಮುಚ್ಕೊಂಡು ನೆಟ್ಟಗೆ ಕೂತ್ಕೊ ಅಂತ ದಾರಿಯುದ್ದಕ್ಕೂ ಹೇಳಿದ್ದಳು.

ಕೂತೆ. ಕೂತಿದ್ದೇ ಒಂದು ಹಳೇ ದಿವಾನದ ಮೇಲೆ. ಬಗ್ಗಿ ನೋಡ್ತೀನಿ, ಅರಳಿದ ಪಾದ. ಅಂಥ ಕೆಲಸ ನಾನು ಎಲ್ಲೂ ಕಂಡಿರಲಿಲ್ಲ, ಜೋಡಿಸಿದ ಗೆರೆಯೇ ಕಾಣ್ತಿಲ್ಲ. ಕರ್ಚೀಫು ಬೀಳಿಸಿದ ಹಾಗೆ ಮಾಡಿ ನೆಲಕ್ಕಿಳಿದೆ. ಇಳಿದವನು ಪೂರ್ತಿ ದಿವಾನದ ಕೆಳಗೇ ಹೋಗ್ಬಿಟ್ಟೆ. ಆಗ ಯಾರೋ ಬಂದು ಪಕ್ಕದಲ್ಲಿ ನಿಂತರು.

"ಒಸಿ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ಬರ್ತಾ ಇದೀರ" ಅಂದೆ.

ಸರಿದರು. ಜೊತೆಗೆ ಒಂದು ಕಿಸಕ್ ಅನ್ನೋ ನಗು ಕೇಳಿಸ್ತು. ನಾನು ಹೊರಗೆ ಬರೋ ಹೊತ್ತಿಗೆ ಕಾಫಿ ಆರಿತ್ತು, ತಂದ ಹುಡುಗಿ ಒಳಗೆ ಹೋಗಿದ್ದಳು.

ವಾಪಸ್ ಬಸ್ಸಿನಲ್ಲಿ ಅಮ್ಮ, "ಹೆಂಗೋ ಕಾಣ್ತು?" ಅಂತ ಕೇಳಿದಳು. "ಬೀಟೆ ಮರ ಕಣಮ್ಮ, ಅಪ್ಪಟ ಬೀಟೆ" ಅಂದೆ. ಅಮ್ಮ ಎದ್ದು ಹೋಗಿ ಬೇರೆ ಸೀಟಿನಲ್ಲಿ ಕೂತಳು.

ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ. ಸಂಬಂಧ ತಂದಿದ್ದ ಮಧ್ಯದವರ ಕೈಲಿ ಇನ್ನೊಂದು ಸಲ ಬರ್ತೀನಿ ಅಂತ ಹೇಳಿ ಕಳಿಸಿದೆ. ಹುಡುಗಿಯ ಅಪ್ಪ, ಇವನು ಹೆಣ್ಣು ನೋಡೋಕೆ ಬಂದಿದ್ನೋ ಸಾಮಾನು ನೋಡೋಕೆ ಬಂದಿದ್ನೋ ಅಂತ ಕೂಗಾಡಿದರಂತೆ. ಹುಡುಗಿಯೇ, ಬರಲಿ ಬಿಡಿ ಅಂದಳಂತೆ.

ಹೋದೆ. ಹಜಾರದಲ್ಲಿ ದಿವಾನವೇ ಇಲ್ಲ, ಬರೀ ಪ್ಲಾಸ್ಟಿಕ್ ಕುರ್ಚಿ. ಅವಳು ಕಾಫಿ ಕೈಗೆ ಕೊಟ್ಟು ಎದುರಿಗೇ ಕೂತಳು.

"ದಿವಾನ ಪಕ್ಕದ ಮನೇಲಿದೆ" ಅಂದಳು. "ಮೊದಲು ನನ್ನ ನೋಡಿ. ಆಮೇಲೆ ಬೇಕಾದ್ರೆ ಅದನ್ನ ನೋಡ್ಕೊಂಡು ಹೋಗಿ."

ನೋಡಿದೆ. ಆವತ್ತು ಪಕ್ಕದ ಮನೆಯ ನೆನಪೇ ಬರಲಿಲ್ಲ. ಮದುವೆಯಾಗಿ ಈಗ ನಮಗೊಬ್ಬ ಮಗಳಿದ್ದಾಳೆ. ಆದರೂ ನಾನು ಕಡೂರಿಗೆ ಬರ್ತೀನಿ ಅಂತ ಫೋನು ಮಾಡಿದರೆ ಸಾಕು, ಮಾವನವರು ಇವತ್ತಿಗೂ ಆಳು ಕರೆಸಿ ದಿವಾನವನ್ನ ಪಕ್ಕದ ಮನೆಗೆ ಸಾಗಿಸ್ತಾರೆ.