ಹಗುರದ್ದೇ ಇರಲಿ ಎಂದ ಓರಿನ್

ಓರಿನ್ ಸ್ಟಕಿಗೆ ಅನುಮಾನ ಬರದ ವಸ್ತು ಇಡೀ ಓಕ್ಲಹೋಮಾದಲ್ಲೇ ಇರಲಿಲ್ಲ. ಪೋಸ್ಟ್‌ಮ್ಯಾನ್ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಏನು ಮುಚ್ಚಿಡುತ್ತಿದ್ದಾನೆ? ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಇವನದು ಒಂದು ಕಣ್ಣು ಮಾತ್ರ ಮುಚ್ಚಿರುತ್ತಿತ್ತು. ಸಂಶಯಕ್ಕೆ ಮದ್ದಿಲ್ಲ ಎನ್ನುತ್ತಾರಲ್ಲ, ಹಾಗೆ. (ಮದ್ದು ಎಂದರೆ ಇಲ್ಲಿ ಔಷಧ. ಇನ್ನೊಂದು ಬಗೆಯ ಮದ್ದು ಮುಂದೆ ಅವನ ಗ್ಯಾರೇಜಿನಲ್ಲಿ ಬೇಕಾದಷ್ಟು ಸೇರಿತು.)

ಶಾಲೆಯ ಬಸ್ಸು ರಿಪೇರಿ ಮಾಡುವ ಕೆಲಸದಿಂದ ನಿವೃತ್ತನಾದ ಮೇಲೆ ಈ ರೋಗಕ್ಕೆ ಪುರುಸೊತ್ತೂ ಕೂಡಿಬಂತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತನ್ನ ಪಿಕಪ್ ಗಾಡಿಯ ಹಿಂಬಾಗಿಲು ತೆರೆದಿದ್ದುದನ್ನು ಕಂಡು (ಹಿಂದಿನ ಸಂಜೆ ತಾನೇ ಮುಚ್ಚಲು ಮರೆತಿದ್ದ), ಇನ್ನು ಮುಂದೆ ದಿನವೂ ಸೊಂಟದಲ್ಲಿ ಒಂದು ಸಣ್ಣ ರಿವಾಲ್ವರ್ ಇಟ್ಟುಕೊಂಡೇ ತಿರುಗುವುದೆಂದು ಘೋರ ಪ್ರತಿಜ್ಞೆ ಮಾಡಿದ. ಸುಮ್ಮನೆ ಇಟ್ಟುಕೊಳ್ಳುವುದಲ್ಲ, ಪ್ರತಿ ಶನಿವಾರ ಐವತ್ತು ಗುಂಡು ಹಾರಿಸಿ ಅಭ್ಯಾಸವನ್ನೂ ಮಾಡುವುದು.

ಹೆಂಡತಿ ಡೆಲ್ಫಾಳೂ ಅಂಗಡಿಗೆ ಜೊತೆಯಲ್ಲಿ ಹೋದಳು. ಅಂಗಡಿಯ ಗಾರ್ಲೆಂಡ್ ಗಾಜಿನ ಮೇಜಿನ ಮೇಲೆ ಎರಡು ರಿವಾಲ್ವರ್ ಇಟ್ಟ. ಎರಡೂ ಅಂಗೈಯಗಲದವು, ಎರಡಕ್ಕೂ ಐದೈದು ಗುಂಡು. ಒಂದು ಉಕ್ಕಿನದು, ಭಾರ. ಇನ್ನೊಂದು ಕೈಯಲ್ಲಿದೆಯೋ ಇಲ್ಲವೋ ಎನ್ನುವಷ್ಟು ಹಗುರ.

“ವಾರಾವಾರಾ ಅಭ್ಯಾಸ ಮಾಡೋನಾದ್ರೆ ಉಕ್ಕಿಂದೇ ತಗೋ ಓರಿನ್. ಹಗುರದ್ದು ಹೇಸರಗತ್ತೆ ಥರ ಒದೆಯುತ್ತೆ. ನಾಲ್ಕು ದಿನಕ್ಕೆ ನೀನು ಅದನ್ನ ಮುಟ್ಟೋದೇ ಬಿಡ್ತೀಯ” ಎಂದ ಗಾರ್ಲೆಂಡ್.

ಓರಿನ್‌ನ ಹುಬ್ಬು ಮೇಲೇರಿತು. ಓಹೋ! ಭಾರದ್ದು ಮಾರಾಟವಾಗದೆ ಧೂಳು ತಿನ್ನುತ್ತಿದೆ, ನನ್ನ ತಲೆಗೆ ಕಟ್ಟುವ ಹುನ್ನಾರ!

“ಅವನು ಹೇಳೋದು ಸ್ವಲ್ಪ ಕೇಳು ಮಾರಾಯಾ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾನೆ” ಎಂದಳು ಡೆಲ್ಫಾ.

“ಇಪ್ಪತ್ತು ವರ್ಷದಿಂದ ಮಾರ್ತಿದ್ದಾನೆ ಅನ್ನು. ಹಗುರದ್ದೇ ಇರಲಿ” ಎಂದ ಓರಿನ್.

ಪಿಕಪ್ ಹತ್ತಿದ ಮೇಲೆ ಡೆಲ್ಫಾ ಕನ್ನಡಕ ಮರೆತೆನೆಂದು ಮತ್ತೆ ಒಳಗೆ ಹೋದವಳು ಬರಲು ಹತ್ತು ನಿಮಿಷ ಮಾಡಿದಳು. ಕನ್ನಡಕ ಮೊದಲಿನಿಂದಲೂ ಅವಳ ತಲೆಯ ಮೇಲೇ ಇತ್ತು. ಓರಿನ್ ಅದನ್ನು ಗಮನಿಸಿ ತನ್ನ ಅನುಮಾನಗಳ ಉಗ್ರಾಣದಲ್ಲಿ ಜೋಪಾನವಾಗಿಟ್ಟುಕೊಂಡ.

ಮೊದಲ ಶನಿವಾರ ಊರಾಚೆಯ ಗುರಿ ಅಭ್ಯಾಸದ ರೇಂಜಿನಲ್ಲಿ ನಮ್ಮ ವೀರ ಐದು ಗುಂಡು ಹಾರಿಸಿದ. ಅಯ್ಯಯ್ಯೋ! ಮೊದಲನೆಯದಕ್ಕೆ ಅಂಗೈ ಚುರ್ರೆಂದಿತು, ಮೂರನೆಯದಕ್ಕೆ ಹೆಬ್ಬೆರಳು ತನ್ನದಲ್ಲವೆನಿಸಿತು, ಐದನೆಯದಕ್ಕೆ ತೀರಿಕೊಂಡ ತಾಯಿಯ ನೆನಪಾಯಿತು. ಗುರಿಯ ಕಾಗದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

“ಹೇಗಾಯ್ತು?” ಎಂದು ಡೆಲ್ಫಾ ಕೇಳಿದಾಗ, “ಐವತ್ತೂ ಹಾರಿಸ್ದೆ. ಬೆಣ್ಣೆ ಕಣೇ, ಬೆಣ್ಣೆ!” ಎಂದು ಊದಿದ ಕೈಯನ್ನು ಜೇಬಿಗೆ ತುರುಕಿದ.

ಮುಂದಿನ ಶನಿವಾರಗಳೆಲ್ಲ ಹೆದ್ದಾರಿಯ ಹೋಟೆಲಿನಲ್ಲಿ ಪೆಕಾನ್ ಪೈ ಎಂಬ ಸಿಹಿ ತಿಂಡಿ ತಿನ್ನುತ್ತಾ ಕಳೆದವು. ಆದರೆ ಸುಳ್ಳಿಗೂ ಒಂದು ಶಿಸ್ತು ಬೇಕಲ್ಲ? ವಾರಕ್ಕೊಂದು ತೋಟಾ ಪೆಟ್ಟಿಗೆ ಕೊಳ್ಳುವುದು, ಹಾರಿಸಿದೆನೆಂದು ಹೇಳುವುದು, ಗ್ಯಾರೇಜಿನಲ್ಲಿ ಬಣ್ಣದ ಡಬ್ಬಿಗಳ ಹಿಂದೆ ಬಚ್ಚಿಡುವುದು. ಜೂನ್ ಬರುವ ಹೊತ್ತಿಗೆ ಅಲ್ಲೊಂದು ಪುಟ್ಟ ಶಸ್ತ್ರಾಗಾರವೇ ಆಗಬೇಕಿತ್ತು. ಆಗಲಿಲ್ಲ. ಒಂದು ದಿನ ನೋಡಿದರೆ ಪೆಟ್ಟಿಗೆಗಳು ಕರಗುತ್ತಿದ್ದವು!

ಕಳ್ಳ! ಅದೂ ತನ್ನ ಗ್ಯಾರೇಜಿನಲ್ಲೇ! ಆದರೆ ಯಾರಿಗೆ ಹೇಳುವುದು? ಹಾರಿಸಿ ಮುಗಿಸಿದ ಗುಂಡುಗಳು ಕಳುವಾದವೆಂದು ದೂರು ಕೊಡಲಾದೀತೇ? ಮೂವತ್ತೆಂಟು ವರ್ಷ ಜೊತೆಗಿದ್ದ ಹೆಂಡತಿಯ ಮುಂದೆ ಸುಳ್ಳುಗಾರನಾಗಬೇಕಲ್ಲ! ಹಾಗಾಗಿ ಪತ್ತೇದಾರಿಕೆಗೆ ತಾನೇ ಇಳಿದ.

ಮೊದಲ ಅನುಮಾನ ಪಕ್ಕದ ಮನೆಯ ಡ್ವೈಟನ ಮೇಲೆ. ಬೇಲಿಯಾಚೆಯಿಂದ ಅವನು, “ಅಭ್ಯಾಸ ಜೋರಾ ಓರಿನ್?” ಎಂದು ನಗುತ್ತಾ ಕೇಳಿದ್ದ.

“ನಿನಗ್ಯಾಕಯ್ಯಾ ಅದೆಲ್ಲ?”

“ಸುಮ್ನೆ ಕೇಳ್ದೆನಪ್ಪಾ! ಹುಲ್ಲು ಕತ್ತರಿಸೋ ಯಂತ್ರ ಬೇಕಿತ್ತು.”

“ಗ್ಯಾರೇಜಿಗೆ ಬರೋಕೆ ನೆಪ!” ಎಂದು ಓರಿನ್ ಹಲ್ಲು ಕಡಿದ. ಯಂತ್ರವನ್ನು ಕೊಡಲಿಲ್ಲ.

ಒಂದು ಬುಧವಾರ ಸಂಜೆ ಗ್ಯಾರೇಜಿನ ನೆಲಕ್ಕೆಲ್ಲ ಬಿಸ್ಕೆಟ್ ಮಾಡುವ ಹಿಟ್ಟನ್ನು ತೆಳ್ಳಗೆ ಉದುರಿಸಿದ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡುತ್ತಾನೆ, ಹೆಜ್ಜೆ ಬಿದ್ದಿದೆ! ಸಿಕ್ಕಿಬಿದ್ದ ಎಂದು ಕುಣಿದವನು ಬಗ್ಗಿ ನೋಡಿ ಹಾಗೇ ಕೂತುಬಿಟ್ಟ. ಅದು ಡ್ವೈಟನ ಬೂಟಲ್ಲ. ಕ್ರಿಸ್‌ಮಸ್ಸಿಗೆ ತಾನೇ ತಂದುಕೊಟ್ಟ, ಹಿಮ್ಮಡಿಯಲ್ಲಿ ಹೂವಿನ ಅಚ್ಚಿರುವ ಹೆಂಗಸರ ಚಪ್ಪಲಿ.

ಡೆಲ್ಫಾ? ನನ್ನ ಡೆಲ್ಫಾ?

ಆಗ ಉಗ್ರಾಣದ ಅನುಮಾನಗಳೆಲ್ಲ ಒಂದೊಂದಾಗಿ ಎದ್ದುಬಂದವು. ತಲೆಯ ಮೇಲಿದ್ದ ಕನ್ನಡಕ. ದಿನದಿನಕ್ಕೂ ಭಾರವಾಗುತ್ತಿದ್ದ ಕೈಚೀಲ. ಪ್ರತಿ ಗುರುವಾರ ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯಲು ಹೋಗುತ್ತಾಳೆ. ಮೂರು ತಿಂಗಳಾಯಿತು, ಒಂದು ತಲೆದಿಂಬಿನ ಚೀಲವಾದರೂ ಮನೆಗೆ ಬಂದಿದೆಯೇ? ಯಾರಿಗೆ ಕೊಡುತ್ತಿದ್ದಾಳೆ ನನ್ನ ತೋಟಾ? ಯಾರವನು? ಅವನ ಎದೆ ನಿಜಕ್ಕೂ ಉರಿಯಿತು. ಅಳುವೂ ಬಂತು, ಸ್ವಲ್ಪ.

ಅಂದು ಗುರುವಾರವೇ. ಅವಳ ಕಾರನ್ನು ಓರಿನ್ ಪಿಕಪ್ಪಿನಲ್ಲಿ ಹಿಂಬಾಲಿಸಿದ. ಕಾರು ಚರ್ಚು ದಾಟಿತು. ಊರೂ ದಾಟಿತು. ನೇರವಾಗಿ ರೇಂಜಿಗೆ ಹೋಗಿ ನಿಂತಿತು.

ಒಳಗೆ ಕಿವಿ ಕಿತ್ತುಹೋಗುವ ಸದ್ದು. ಇವನು ಬೇಲಿಯ ಹಿಂದಿನಿಂದ ಗಂಟಲು ಹರಿಯುವಂತೆ ಕೂಗಿದ. ಸರಿಯಾಗಿ ಅದೇ ಹೊತ್ತಿಗೆ ಮೇಲ್ವಿಚಾರಕ ಕೈಯೆತ್ತಿ ಗುಂಡು ಹಾರಿಸುವುದನ್ನು ನಿಲ್ಲಿಸಿದ. ಎಲ್ಲರೂ ಕಿವಿಯ ಮುಚ್ಚಳ ತೆಗೆದಾಗ ಮೈದಾನದ ನಿಶ್ಶಬ್ದದಲ್ಲಿ ಒಂದೇ ದನಿ ಮೊಳಗಿತು:

“ಎಲೇ ತೋಟಾ ಕಳ್ಳೀ!”

ಸಾಲಾಗಿ ನಿಂತಿದ್ದ ಒಂಬತ್ತು ಹೆಂಗಸರು ತಿರುಗಿ ನೋಡಿದರು. ಕೌದಿ ಬಳಗ ಪೂರ್ತಿ ಅಲ್ಲಿತ್ತು, ಪಾದ್ರಿಯ ಹೆಂಡತಿಯೂ ಸೇರಿ. ಡೆಲ್ಫಾ ತನ್ನದೇ ಉಕ್ಕಿನ ರಿವಾಲ್ವರನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು ನಿಧಾನವಾಗಿ ಬಂದಳು. ಅವಳ ಗುರಿಕಾಗದದಲ್ಲಿ ತೂತುಗಳೆಲ್ಲ ಒಂದು ತಟ್ಟೆಯಗಲದಲ್ಲಿ ಒತ್ತಾಗಿ ಕೂತಿದ್ದವು.

“ಯಾವ ತೋಟಾ ಓರಿನ್? ನೀನು ಹಾರಿಸಿ ಮುಗಿಸಿದ್ಯಲ್ಲ, ಅದಾ?”

ಓರಿನ್ ಬೇಲಿಯ ಕಂಬಗಳನ್ನು ಎಣಿಸತೊಡಗಿದ.

“ಶನಿವಾರ ಮನೆಗೆ ಬಂದಾಗ ನಿನ್ನ ಮೈಮೇಲೆ ಮದ್ದಿನ ವಾಸನೆ ಇರಲ್ಲ, ಮೀಸೆ ತುಂಬಾ ಪೈ ಚೂರು! ಮನೇಲಿ ಒಬ್ಬರಾದ್ರೂ ಅಭ್ಯಾಸ ಮಾಡ್ಬೇಕಲ್ಲಪ್ಪಾ. ಹಿಟ್ಟು ಗುಡಿಸಿದ್ಯಾ?”

“...ಇಲ್ಲ.”

“ಮೊದಲು ಗುಡಿಸು. ಆಮೇಲೆ ಗಾರ್ಲೆಂಡ್ ಹತ್ರ ಹೋಗು.”

ಹೋದ. ಹಗುರದ ರಿವಾಲ್ವರನ್ನು ಮೇಜಿನ ಮೇಲಿಟ್ಟು ಗೋಡೆ ನೋಡಿದ. ಗಾರ್ಲೆಂಡ್ ಅದನ್ನು ಹಳೆಯ ಸಾಮಾನಿನ ಕಪಾಟಿಗೆ ಸೇರಿಸಿದ. ಅಲ್ಲಿ ಅಂಥವೇ ಎಂಟು ಕೂತಿದ್ದವು.

“ಎಲ್ಲಾ ಐದೇ ಐದು ಗುಂಡು ಹಾರಿಸಿದವು. ಹೊಸದರ ಹಾಗೇ ಇದಾವೆ” ಎಂದ ಗಾರ್ಲೆಂಡ್. ಆಮೇಲೆ ಮೇಜಿನ ಕೆಳಗಿನಿಂದ ಒಂದು ಡಬ್ಬಿ ತೆಗೆದ. ಒಳಗೆ ಅಂದು ತೋರಿಸಿದ್ದ ಅದೇ ಉಕ್ಕಿನದು. ದಾರದಲ್ಲಿ ಒಂದು ಚೀಟಿ ಕಟ್ಟಿತ್ತು, ಡೆಲ್ಫಾಳ ಅಕ್ಷರ: ‘ಓರಿನ್‌ಗೆ. ಬಂದೇ ಬರ್ತಾನೆ. ಅಲ್ಲೀವರೆಗೂ ಯಾರಿಗೂ ಮಾರಬೇಡ.’ ಕೆಳಗೆ ತಾರೀಕು. ಕನ್ನಡಕ ಮರೆತ ದಿನದ್ದೇ.

ಓರಿನ್‌ಗೆ ನಾಚಿಕೆಯಾಯಿತು. ಒಂಚೂರು ಸಂತೋಷವೂ ಆಯಿತು. ಇನ್ನು ಜನ್ಮದಲ್ಲಿ ಆ ಹೆಂಗಸಿನ ಮೇಲೆ ಅನುಮಾನ ಪಡುವುದಿಲ್ಲ ಎಂದು ಅಲ್ಲೇ ಪಣ ತೊಟ್ಟ. ಗಾರ್ಲೆಂಡ್ ಫಾರಂ ತರಲು ಒಳಗೆ ಹೋದ ತಕ್ಷಣ ಮೆಲ್ಲಗೆ ಆ ಚೀಟಿಯನ್ನು ತಿರುಗಿಸಿ ನೋಡಿದ.

ಹಿಂದೆ ಬರೆದಿತ್ತು: ‘ಈ ಕಡೆ ಏನೂ ಇಲ್ಲ. ಸುಮ್ನೆ ಮನೆಗೆ ಬಾ.’