ಕೆಂಚನ ಊಟದ ಕ್ಯಾರಿಯರ್

ನಮ್ಮ ಸೋದರತ್ತೆಯಷ್ಟು ಜೀವ ತೆಗೆದವರು ಚಾಮರಾಜನಗರ ತಾಲ್ಲೂಕಿನಲ್ಲೇ ಇನ್ನೊಬ್ಬರು ಇರಲಾರರು! ಹೆದರಬೇಡಿ. ಬಾಗಿಲ ಮುಂದೆ ಇರುವೆ ಸಾಲು ಹೊರಟಿದ್ದರೆ ಅದು ದಾಟುವವರೆಗೂ ರಂಗೋಲಿ ಬಟ್ಟಲು ಹಿಡಿದು ಕಾಯುತ್ತಿದ್ದವಳೂ ಅವಳೇ. ಅತ್ತೆ ಕೆಲಸ ಮಾಡುತ್ತಿದ್ದದ್ದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಕುದಿಯುವ ನೀರಿನ ಬೋಗುಣಿಯ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆ ಹಿಡಿದು ಚಕ್ರಕ್ಕೆ ಕೊಡುವುದು. ಗೂಡಿನೊಳಗಿನ ಹುಳುಗಳ ಗತಿಯನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪ್ರತಿದಿನ ಮೊದಲ ಗೂಡು ನೀರಿಗೆ ಬೀಳುವಾಗ ಅತ್ತೆ, "ತಪ್ಪಾಯ್ತು ಕಣ್ರವ್ವ" ಎನ್ನುತ್ತಿದ್ದಳಂತೆ. ಪಕ್ಕದ ಬೋಗುಣಿಯವರು ನಗುತ್ತಿದ್ದರಂತೆ. ಕೇಳಿ ನಾನೂ ನಕ್ಕಿದ್ದೆ.

ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ಅಪ್ಪ ನನ್ನನ್ನು ಚಾಮರಾಜನಗರದಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಗಂಡ ತೀರಿಕೊಂಡು, ಮಕ್ಕಳಿಲ್ಲದೆ ಒಬ್ಬಳೇ ಇದ್ದ ಅತ್ತೆಗೂ ಜೊತೆಯಾಯಿತು ಎಂಬುದು ಅವರ ಲೆಕ್ಕ. ಆದರೆ ನಾನು ಹೋಗುವ ಹೊತ್ತಿಗೆ ಅಲ್ಲಿ ಜೊತೆಗೆ ಇನ್ನೊಬ್ಬ ಬಂದು ನಡುಮನೆಯಲ್ಲೇ ಮಲಗಿದ್ದ. ಅವನೇ ಕೆಂಚ.

ಕೆಂಚ ಬಂದದ್ದು ದನಗಳ ಜೊತೆ. ತಮಿಳುನಾಡಿನ ಕಡೆಯಿಂದ ಪುಣಜನೂರಿನ ಕಾಡು ದಾಟಿ, ನಮ್ಮ ಗುಂಡ್ಲುಪೇಟೆಯ ಮೇಲೆ ಕೇರಳಕ್ಕೆ ನಡೆದು ಹೋಗುವ ಹಿಂಡುಗಳಿರುತ್ತಿದ್ದವಲ್ಲ, ಅಂಥದೊಂದು ಹಿಂಡಿಗೆ ಅವನು ಕಾವಲು. ತಾನು ಯಾರನ್ನು ಎಲ್ಲಿಗೆ ತಲುಪಿಸುತ್ತಿದ್ದೇನೆಂದು ತಿಳಿಯದೆ, ಬಹಳ ನಿಷ್ಠೆಯಿಂದ ದನ ಕಾಯುತ್ತ ಬಂದಿದ್ದ. ಊರ ಹೊರಗೆ ಕಾಲು ಮುರಿದುಕೊಂಡ. ಹಿಂಡು ಮುಂದೆ ಹೋಯಿತು, ಅವನು ಉಳಿದ. ಅತ್ತೆ ಎತ್ತಿಕೊಂಡು ಬಂದಳು.

ಕಾಲು ಕೂಡಿಕೊಂಡಿತು, ಆದರೆ ತಿಂದದ್ದು ಮೈಗೆ ಹತ್ತಲಿಲ್ಲ. ಕೂದಲು ಉದುರತೊಡಗಿತು. ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಏನು ಹಾಕ್ತೀರಮ್ಮ ಇದಕ್ಕೆ?" ಎಂದರು ಡಾಕ್ಟರು.

"ಮುದ್ದೆ, ಉಳ್ಳಿಕಾಳು ಸಾರು. ನಾವೇನು ತಿಂತೀವೋ ಅದೆಯ."

"ಮಾಂಸ ಬೇಕಮ್ಮ. ನಾಯಿ ಅದು."

"ನಾನು ಉಟ್ಟಿದಾಗಿಂದ ಒಂದು ಚೂರು ಮುಟ್ಟಿಲ್ಲ ಸ್ವಾಮಿ. ನೆಟ್ಟಗಿಲ್ವ?"

"ಕೂದಲು ಉದುರಲ್ವ ನಿಮಗೆ?"

ಅತ್ತೆಯ ಕೈ ತಾನಾಗಿಯೇ ನಿಂಬೆಹಣ್ಣಿನಷ್ಟಾಗಿದ್ದ ತುರುಬಿಗೆ ಹೋಯಿತು. ಡಾಕ್ಟರು ಸ್ವಲ್ಪ ಇಳಿದು, ಮೊಟ್ಟೆಯಾದರೂ ಕೊಡಿ ಎಂದರು.

ನಮ್ಮ ಮನೆಗಳಲ್ಲಿ ಮೊಟ್ಟೆಯ ಹೆಸರನ್ನೂ ಊಟದ ಹೊತ್ತಿಗೆ ಎತ್ತುವುದಿಲ್ಲ. ಆದರೆ ಅತ್ತೆಗೆ ಮಡಿ ಮೈಲಿಗೆಯ ಚಿಂತೆಯೇ ಇರಲಿಲ್ಲ. ಅವಳದು ಬೇರೆಯೇ ತಕರಾರು. ಸಂತೆಯಲ್ಲಿ ಮೊಟ್ಟೆಯವನ ಮುಂದೆ ಕುಕ್ಕರುಗಾಲಲ್ಲಿ ಕೂತು ವಿಚಾರಣೆ ಶುರುಮಾಡಿದಳು.

"ಇದನ್ನ ಇಕ್ಕಿದ ಕೋಳಿ ಎಲ್ಲದೆಯಪ್ಪ?"

"ಫಾರಂ ಕೋಳಿ ಕಣವ್ವ. ಅಲ್ಲಿ ಸಾವಿರಾರು ಅವೆ."

"ಓಡಾಡ್ತವಾ?"

"ಯಾಕವ್ವ ಓಡಾಡ್ಬೇಕು? ಬೋನಲ್ಲೇ ಆರಾಮಾಗಿ ಕುಂತಿರ್ತವೆ."

"ನಿನ್ನ ಒಂದು ವಾರ ಅಂಗೇ ಕೂರಿಸ್ಬುಡ್ಲಾ?"

ವ್ಯಾಪಾರ ಅಲ್ಲಿಗೆ ಮುಗಿಯಿತು. ಓಡಾಡುವ ಕೋಳಿಯನ್ನು ಕಣ್ಣಾರೆ ನೋಡಿಯೇ ಮೊಟ್ಟೆ ಕೊಳ್ಳುವುದೆಂದು ನನ್ನನ್ನು ಹರದನಹಳ್ಳಿಗೆ ಎಳೆದುಕೊಂಡು ಹೋದಳು. ಹೆಣ್ಣು ನೋಡಲು ಹೋದ ಹಾಗೆ! ಮನೆಯವರು ನೀರು ಬೆಲ್ಲ ಕೊಟ್ಟರು. ಕೋಳಿ ತಿಪ್ಪೆ ಕೆದಕಿತು, ಬೇಲಿ ಹಾರಿತು, ಮಣ್ಣಲ್ಲಿ ಹೊರಳಾಡಿತು. ಅತ್ತೆ ಸಂತೋಷದಿಂದ ತಲೆಯಾಡಿಸಿದಳು. ಮನೆಯ ಯಜಮಾನ ಅದನ್ನೇ ಒಪ್ಪಿಗೆಯೆಂದು ತಿಳಿದು ಕೋಳಿಯ ಕಾಲು ಹಿಡಿದು, "ಕುಯ್ದು ಪುಕ್ಕ ಕಿತ್ತೇ ಕೊಟ್ಬುಡ್ಲಾ?" ಎನ್ನಬೇಕೆ! ಅತ್ತೆ ಕೂಗಿದ ಕೂಗಿಗೆ ಪಕ್ಕದ ಮನೆಯವರೆಲ್ಲ ಬಂದರು.

ವಾಪಸು ಬರುವಾಗ ಕೋಳಿ ನನ್ನ ಕಾಲೇಜಿನ ಚೀಲದಲ್ಲಿತ್ತು. ನನ್ನ ರಸಾಯನಶಾಸ್ತ್ರದ ಪುಸ್ತಕದ ಗತಿಯನ್ನೂ ನಾನು ಬಿಡಿಸಿ ಹೇಳಬೇಕಿಲ್ಲ. ಆ ಕೋಳಿ ಮೊಟ್ಟೆ ಇಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತೆಂದು ಆಮೇಲೆ ತಿಳಿಯಿತು. ಕೆಂಚನಿಗೆ ಮೊಟ್ಟೆ ತರಲು ಹೋದವಳು, ಅವನ ಮುದ್ದೆಯಲ್ಲಿ ಅರ್ಧ ಪಾಲು ಕೇಳುವವಳನ್ನು ತಂದಿದ್ದಳು.

ನಾನು ಮೈಸೂರಿಗೆ ಹೋಗಿದ್ದಾಗ ನಾಯಿಗಳಿಗೆಂದೇ ಮಾಡಿದ ತಿಂಡಿಯ ಪೊಟ್ಟಣ ತಂದೆ. ಆಗ ಅದು ನಮ್ಮ ಕಡೆ ದೊಡ್ಡ ಸೋಜಿಗ. ಅತ್ತೆ ಕನ್ನಡಕ ಹಾಕಿಕೊಂಡು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, "ಇಂಗ್ಲೀಷಲ್ಲಿ ಏನು ಬರ್ದವ್ರೆ, ಓದು" ಎಂದಳು. ಓದಿದೆ. ಗೋಧಿ, ಜೋಳ, ಮಾಂಸದ ಪುಡಿ.

"ಯಾವುದರ ಮಾಂಸ?"

"ಹೇಳಿಲ್ಲ ಅತ್ತೆ."

"ಎಲ್ಲಿತ್ತಂತೆ? ಎಂಗೆ ಸಾಕಿದ್ರಂತೆ?"

"ಅದೂ ಇಲ್ಲ."

"ಇಷ್ಟುದ್ದ ಬರ್ದವ್ರೆ, ಅದೊಂದು ಬರಿಯಕ್ಕೆ ಜಾಗ ಇರ್ನಿಲ್ವ?"

ಪೊಟ್ಟಣ ಅಂಗಡಿಗೇ ವಾಪಸಾಯಿತು. ಕೆಂಚ ಇನ್ನಷ್ಟು ಬಡವಾದ. ಅವನು ಮಲಗಿದಲ್ಲಿ ಪಕ್ಕೆಲುಬುಗಳು ಏಣಿಯ ಮೆಟ್ಟಿಲಿನಂತೆ ಕಾಣುತ್ತಿದ್ದವು. ಅತ್ತೆಯೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಅವನಿಗಾಗಿ ಇನ್ನೊಂದು ಜೀವ ತೆಗೆಸುವುದಿಲ್ಲ, ಅವನನ್ನು ಸಾಯಲೂ ಬಿಡುವುದಿಲ್ಲ. ಇದು ಅವಳ ಹಟ. ಎರಡೂ ಒಟ್ಟಿಗೆ ಆಗುವುದು ಹೇಗೆ?

ಒಂದು ಸಂಜೆ ಅತ್ತೆ ಬಂದು ಊಟದ ಕ್ಯಾರಿಯರ್ ಬಿಚ್ಚಿದಳು. ಆ ವಾಸನೆಗೆ ನಾನು ಹಿತ್ತಿಲಿಗೆ ಓಡಿದೆ. ಒಳಗೆ ಕಂದು ಬಣ್ಣದ, ಬೆಂದ ರೇಷ್ಮೆ ಹುಳುಗಳು! ನೂಲು ಬಿಚ್ಚಿದ ಮೇಲೆ ಬೋಗುಣಿಯ ತಳದಲ್ಲಿ ಉಳಿಯುವಂಥವು. ಕಾರ್ಖಾನೆಯ ಹಿಂದೆ ರಾಶಿ ಬಿದ್ದು ಗೊಬ್ಬರಕ್ಕೆ ಹೋಗುತ್ತಿದ್ದವು. ಕೆಂಚ ಮೊದಲು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದ. ದಿನವಿಡೀ ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡು, ಉಪ್ಪಿನಕಾಯಿ ಸೋಕಿದರೆ ಉರಿಯುತ್ತಿದ್ದ ಬೆರಳುಗಳು. ಆಮೇಲೆ ತಟ್ಟೆಗೆ ಬಾಯಿ ಹಾಕಿದವನು ತಟ್ಟೆಯನ್ನೂ ಉಳಿಸಲಿಲ್ಲ.

"ಇವನಿಗೋಸ್ಕರ ಈ ಉಳುಗಳನ್ನ ಯಾರೂ ಸಾಯಿಸ್ನಿಲ್ಲ ಕಣಮ್ಮಿ. ಸಾಯಿಸಿದ್ದು ಸೀರೆಗೆ. ಸೀರೆಯವ್ರು ಸೀರೆ ತಕ್ಕೊಂಡು ಒಂಟೋದ್ರು. ಮಿಕ್ಕಿದ್ದು ಇವನ ಪಾಲು" ಎಂದಳು ಅತ್ತೆ. ವರ್ಷಗಳಿಂದ ತಲೆಯ ಮೇಲಿದ್ದ ಹೊರೆಯನ್ನು ಯಾರೋ ಒಂದು ಮೂಲೆಯಲ್ಲಿ ಹಿಡಿದುಕೊಂಡರೇನೋ ಎಂಬಂತೆ ಅವಳ ಮುಖವಿತ್ತು.

ಅಂದಿನಿಂದ ಕೆಂಚ ಮೈ ತುಂಬಿಕೊಂಡ, ಬೀದಿ ವಾಸನೆ ತುಂಬಿಕೊಂಡಿತು. ರಜೆಯ ದಿನಗಳಿಗೆ ಬೇಕೆಂದು ಅತ್ತೆ ಹುಳುಗಳನ್ನು ತಾರಸಿಯ ಮೇಲೆ ಒಣಹಾಕುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನಕ್ಕಯ್ಯ, ನಿನ್ನ ಸಂಡಿಗೆಗೆ ಮೂತಿ ಅದೆಯಲ್ಲ!" ಎಂದು ಕಿರುಚಿದ್ದು ಇಂದಿಗೂ ಕಿವಿಯಲ್ಲಿದೆ. ನಾನಂತೂ ಆ ಕ್ಯಾರಿಯರ್ ಸೋಕಿದರೂ ಬಚ್ಚಲಿಗೆ ಓಡಿ ಮತ್ತೆ ಮತ್ತೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದೆ. "ಸೋಪು ಕಂಪನಿಯವ್ರು ನಿನಗೆ ಸನ್ಮಾನ ಮಾಡ್ತಾರೆ ಕಣಮ್ಮಿ" ಎಂದು ಅತ್ತೆ ಚುಚ್ಚುವಳು.

ಮದುವೆ ಮನೆಗಳಲ್ಲಿ ಅತ್ತೆಯನ್ನು ಹುಡುಕುವುದು ಸುಲಭ. ರೇಷ್ಮೆಗಳ ನಡುವೆ ಹತ್ತಿ ಸೀರೆಯವಳೊಬ್ಬಳೇ. "ನಿನ್ನ ಕೈಲಿ ಬಂದ ನೂಲು ನೀನೇ ಉಡಲ್ವಲ್ಲ!" ಎಂದು ಯಾರಾದರೂ ಕೆಣಕಿದರೆ, "ಬೇಯಿಸಿದವಳೂ ನಾನೇ, ಉಟ್ಕೊಂಡು ಮೆರೆಯೋಳೂ ನಾನೇ ಆಗ್ಲಾ?" ಎಂದು ಹೇಳಿ ಪಾಯಸಕ್ಕೆ ಕೈ ಒಡ್ಡುತ್ತಿದ್ದಳು.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಅತ್ತೆಗೆ ಉಬ್ಬಸ ಹಿಡಿಯಿತು. ವರ್ಷಗಟ್ಟಲೆ ಕುಡಿದ ಬೋಗುಣಿಯ ಹಬೆಯೇ ಕಾರಣವೆಂದರು ಡಾಕ್ಟರು. ಕೆಲಸ ನಿಂತಿತು. ಜೊತೆಯ ಹೆಂಗಸರು ಒಮ್ಮೊಮ್ಮೆ ಕ್ಯಾರಿಯರ್ ತುಂಬಿ ಕಳಿಸುತ್ತಿದ್ದರು. ಅತ್ತೆ ಮಲಗಿದಲ್ಲಿಂದಲೇ ಅದರೊಳಗೆ ಕೈಯಾಡಿಸಿ, ಬೆರಳು ಚಾಚಿ, ಕೆಂಚನಿಗೆ ಉಣಿಸುತ್ತಿದ್ದಳು. ಕೊನೆಯ ಸಲ ನಾನು ನೋಡಲು ಹೋದಾಗ ಮಾತು ಉಸಿರಿನ ನಡುವೆ ತುಂಡು ತುಂಡಾಗಿ ಬಂತು.

"ಇವನ್ನ ನೋಡ್ಕೋ ಕಣಮ್ಮಿ. ಇವನಿಗೋಸ್ಕರ ಯಾವುದನ್ನೂ ಕುಯ್ಸಬೇಡ. ಸಾಯಕ್ಕೂ ಬುಡಬೇಡ."

"ಆಯ್ತು ಅತ್ತೆ" ಎಂದೆ. ನಾನು ಹೆಚ್ಚು ಮಾತಾಡುವವಳಲ್ಲ.

ಅತ್ತೆ ಹೋದಾಗ ನೆಂಟರು ಒಂದು ರೇಷ್ಮೆ ಸೀರೆ ತಂದರು. ಬದುಕಿಡೀ ನೂಲು ತೆಗೆದವಳು, ಹೋಗುವಾಗಲಾದರೂ ಉಟ್ಟು ಹೋಗಲಿ ಎಂಬ ಪ್ರೀತಿ. ಅಷ್ಟು ಜನರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. "ಬೇಡ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಪ್ಪ ನನ್ನ ಮುಖ ನೋಡಿ, ಅಕ್ಕನ ಪೆಟ್ಟಿಗೆಯಿಂದ ನೀಲಿ ಹತ್ತಿ ಸೀರೆ ತೆಗೆದುಕೊಟ್ಟರು.

ಕೆಂಚ ಊಟ ಬಿಟ್ಟ. ಮುದ್ದೆ ಮುಟ್ಟಲಿಲ್ಲ, ಹಾಲು ಮುಟ್ಟಲಿಲ್ಲ. ಬಾಗಿಲಿಗೆ ಮುಖ ಮಾಡಿ ಮಲಗಿದ. ಅಪ್ಪ, ಜೀವಮಾನದಲ್ಲಿ ಮಾಂಸದಂಗಡಿಯ ಬೀದಿಗೇ ಕಾಲಿಡದವರು, ಗುರುತು ಸಿಗದಿರಲೆಂದು ತಲೆಗೆ ಟವೆಲು ಸುತ್ತಿಕೊಂಡು ಹೋಗಿ ಒಂದು ಪೊಟ್ಟಣ ತಂದೇಬಿಟ್ಟರು. ಹಿಂದೆ ಅವರು ಮೇಷ್ಟರಾಗಿದ್ದ ಊರು ಅದು. ದಾರಿಯುದ್ದಕ್ಕೂ ಎಲ್ಲರೂ "ಏನ್ ಮೇಷ್ಟ್ರೇ, ತಲೆನೋವಾ?" ಎಂದು ಕೇಳಿದರಂತೆ! "ಅಕ್ಕ ಕ್ಷಮಿಸ್ತಾಳೆ. ನಾಯಿ ಉಳೀಲಿ" ಎಂದರು. ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟರು. ಕೆಂಚ ಮೂಸಿ ನೋಡಿ ಮುಖ ತಿರುಗಿಸಿದ.

ನಾನು ಕ್ಯಾರಿಯರ್ ತೆಗೆದುಕೊಂಡು ಕಾರ್ಖಾನೆಗೆ ಹೋದೆ. ಅತ್ತೆಯ ಬೋಗುಣಿಯ ಮುಂದೆ ಬೇರೊಬ್ಬಾಕೆ ಕೂತಿದ್ದಳು. ಕ್ಯಾರಿಯರ್ ಗುರುತು ಹಿಡಿದು, ಹುಳು ಸೋಸಿಕೊಳ್ಳಲು ಜರಡಿ ಕೊಟ್ಟಳು. ನಾನು ಜರಡಿ ಬಿಟ್ಟು ಬಿಸಿನೀರಿಗೇ ಕೈ ಹಾಕಿದೆ.

"ಸುಡ್ತದೆ ಕಣಮ್ಮಿ!"

ಸುಟ್ಟಿತು. "ತಪ್ಪಾಯ್ತು ಕಣ್ರವ್ವ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಯಾರೂ ನಗಲಿಲ್ಲ.

ಮನೆಗೆ ಬಂದು ತಟ್ಟೆಗೆ ಸುರಿದೆ. ಕೆಂಚ ತಲೆ ಎತ್ತಿ, ನನ್ನ ಹಿಂದೆ ಬಾಗಿಲಲ್ಲಿ ಇನ್ನಾರಾದರೂ ಬರುತ್ತಾರೇನೋ ಎಂದು ನೋಡಿದ. ಯಾರೂ ಬರಲಿಲ್ಲ. ನಾನು ಪಕ್ಕದಲ್ಲಿ ಕೂತು, ಕೆಂಪಗಾಗಿ ಊದಿದ್ದ ಬೆರಳುಗಳನ್ನು ಅವನ ಮೂತಿಯ ಮುಂದೆ ಹಿಡಿದೆ. ಬಹಳ ಹೊತ್ತು ಮೂಸಿದ. ಆಮೇಲೆ ಒಂದೊಂದೇ ಬೆರಳು ನೆಕ್ಕಿದ. ಆಮೇಲೆ ತಿಂದ. ಆ ಮುದಿ ಕೋಳಿ ಬಂದು ತಟ್ಟೆಯ ಅಂಚಿನಿಂದ ತನ್ನ ಪಾಲು ಎತ್ತಿಕೊಂಡಿತು.

ಬಚ್ಚಲ ಗೂಡಿನಲ್ಲಿ ಸೋಪು ಒಣಗಿಕೊಂಡು ಹಾಗೇ ಇತ್ತು. ನಾನು ಆ ಕಡೆ ಹೋಗಲಿಲ್ಲ.